ಸಾಕ್ಷ್ಯ ಛಾಯಾಗ್ರಹಣದ ಒಳ್ಳೆಯ ಚಿತ್ರಸಂಪುಟಗಳನ್ನು ಅಂತರ್ಜಾಲದಲ್ಲಿ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕಾ ಛಾಯಾಗ್ರಹಣ ಮತ್ತು ಸಾಕ್ಷ್ಯ ಛಾಯಾಗ್ರಹಣ ಎರಡೂ ಒಂದೇ ಅಲ್ಲವೇ?

ಎರಡಕ್ಕೂ ನಿಜ ಬದುಕೇ ವಸ್ತು, ಆದರೆ ಎರಡಕ್ಕೂ ಸಿಗುವ ಕಾಲಾವಕಾಶ ಬೇರೆ. ಪತ್ರಿಕಾ ಛಾಯಾಗ್ರಾಹಕರು ಇಂದಿನ ಘಟನೆಯನ್ನು ಇಂದೇ ಸಂಪಾದಕರಿಗೆ ತಲುಪಿಸಬೇಕು. ಸಾಕ್ಷ್ಯ ಛಾಯಾಗ್ರಾಹಕರು ಒಂದೇ ಊರು, ಒಂದೇ ಕಸುಬು ಅಥವಾ ಒಂದೇ ಕುಟುಂಬದ ಬೆನ್ನು ಹಿಡಿದು ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಎರಡೂ ಕೆಲಸವನ್ನು ಒಬ್ಬರೇ ಮಾಡುವುದು ಸಾಮಾನ್ಯವಾದ್ದರಿಂದ, ಹುಡುಕುವವರು ಈ ಗೆರೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ನೆದರ್‌ಲೆಂಡ್ಸ್‌ನ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆಯ ಸಂಗ್ರಹದಿಂದ ಆರಂಭಿಸುವುದು ಸುಲಭ. 1955ರಿಂದ ಈಚೆಗೆ ಅಲ್ಲಿ ಪ್ರಶಸ್ತಿ ಪಡೆದ ಚಿತ್ರಗಳು ವರ್ಷವಾರು ಜೋಡಣೆಯಾಗಿ, ಅಡಿಬರಹ ಸಮೇತ ಉಚಿತವಾಗಿ ನೋಡಲು ಸಿಗುತ್ತವೆ. ಪುಲಿಟ್ಜರ್ ಪ್ರಶಸ್ತಿಯ ಜಾಲತಾಣದಲ್ಲಿಯೂ ಗೆದ್ದ ಚಿತ್ರಮಾಲಿಕೆಗಳಿವೆ. ರೊಹಿಂಗ್ಯಾ ನಿರಾಶ್ರಿತರ ಬಗ್ಗೆ ರಾಯಿಟರ್ಸ್ ತಂಡಕ್ಕೆ 2018ರಲ್ಲಿ ಪ್ರಶಸ್ತಿ ತಂದುಕೊಟ್ಟ ಮಾಲಿಕೆಯಲ್ಲಿ ನಮ್ಮವರೇ ಆದ ದಾನಿಶ್ ಸಿದ್ದಿಕಿ ಮತ್ತು ಅದ್ನಾನ್ ಅಬಿದಿ ಅವರ ಚಿತ್ರಗಳಿವೆ. ಸಿದ್ದಿಕಿ 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ವರದಿಗಾರಿಕೆಯ ನಡುವೆಯೇ ಕೊಲ್ಲಲ್ಪಟ್ಟರು.

ಆದರೆ ಪ್ರಶಸ್ತಿ ಪಟ್ಟಿಯನ್ನು ಹೆಸರುಗಳ ಸೂಚಿಯಾಗಿ ಬಳಸಿ, ಅಲ್ಲಿಯೇ ನಿಲ್ಲಬೇಡಿ ಎಂಬುದು ನನ್ನ ಸಲಹೆ. ಒಂಟಿ ಚಿತ್ರಗಳ ವಿಭಾಗಕ್ಕಿಂತ ಕಥನ ಮತ್ತು ದೀರ್ಘಾವಧಿ ಯೋಜನೆಗಳ ವಿಭಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಮನಸ್ಸಿನಲ್ಲಿ ಉಳಿದ ಹೆಸರನ್ನು ಬರೆದಿಟ್ಟುಕೊಂಡು ಆ ಛಾಯಾಗ್ರಾಹಕರ ಸ್ವಂತ ಜಾಲತಾಣಕ್ಕೆ ಹೋಗಿ. ಪ್ರಶಸ್ತಿಗಳಿಗಿಂತಲೂ ಉಪಯುಕ್ತವಾದದ್ದು ಅನುದಾನ ಪಡೆದವರ ಪಟ್ಟಿ. ಅಮೆರಿಕದ ಡಬ್ಲ್ಯು. ಯೂಜೀನ್ ಸ್ಮಿತ್ ನಿಧಿ, ಮ್ಯಾಗ್ನಂ ಫೌಂಡೇಷನ್ ಮುಂತಾದ ಸಂಸ್ಥೆಗಳು ಇನ್ನೂ ಮುಗಿಯದ, ಮುಗಿಸಲು ಹಣ ಬೇಕಾಗಿರುವ ಕೆಲಸಗಳನ್ನು ಆರಿಸುತ್ತವೆ. ಮಾರುಕಟ್ಟೆ ತಾನಾಗಿ ಬೆಂಬಲಿಸದ ವಿಷಯಗಳು ಆ ಪಟ್ಟಿಗಳಲ್ಲಿ ಕಾಣಸಿಗುತ್ತವೆ.

ಆರಂಭದಲ್ಲಿಯೇ ಮಾಡಬಹುದಾದ ಒಂದು ಅಭ್ಯಾಸವಿದೆ. 1984ರ ಭೋಪಾಲ್ ಅನಿಲ ದುರಂತದಲ್ಲಿ ಸತ್ತ ಮಗುವೊಂದನ್ನು ಮಣ್ಣು ಮಾಡುವ ಕ್ಷಣವನ್ನು ರಘು ರೈ ಕಪ್ಪು-ಬಿಳುಪಿನಲ್ಲಿಯೂ ಪಾಬ್ಲೊ ಬಾರ್ಥೊಲೊಮ್ಯು ವರ್ಣದಲ್ಲಿಯೂ ಸೆರೆಹಿಡಿದರು. ಎರಡನೆಯದು ವರ್ಲ್ಡ್ ಪ್ರೆಸ್ ಫೋಟೊದ ವರ್ಷದ ಚಿತ್ರವಾಯಿತು. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ನೋಡಿದರೆ, ಒಂದೇ ಮಗುವಿನ ಮುಂದೆ ನಿಂತ ಇಬ್ಬರ ನೋಟ ಎಷ್ಟು ಭಿನ್ನವೆಂಬುದು ಯಾವ ಪಾಠಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಗೂಗಲ್‌ನಲ್ಲಿ ಹುಡುಕಿದರೆ ಮದುವೆ ಫೋಟೊಗ್ರಾಫರ್‌ಗಳ ತಾಣಗಳೇ ಬರುತ್ತವೆ. ಏನು ಮಾಡುವುದು?

ಸರ್ಚ್ ಎಂಜಿನ್ ಮುಖ್ಯವಾಗಿ ಅಕ್ಷರಗಳನ್ನು ಓದುತ್ತದೆ. ಸೇವೆ ಮಾರುವ ತಾಣಗಳು ಪುಟ ತುಂಬ ಪದಗಳನ್ನು ಹಾಕಿಕೊಂಡಿರುತ್ತವೆ. ಸಾಕ್ಷ್ಯ ಛಾಯಾಗ್ರಾಹಕರ ತಾಣದಲ್ಲಿ ಚಿತ್ರಗಳ ಜೊತೆ ನಾಲ್ಕು ಸಾಲು ಬರಹವಿದ್ದರೆ ಹೆಚ್ಚು. ಹಾಗಾಗಿ ‘ಪೋರ್ಟ್‌ಫೋಲಿಯೊ’, ‘ಡಾಕ್ಯುಮೆಂಟರಿ’ ಎಂಬ ಪದಗಳನ್ನು ಬಿಟ್ಟು, ಅಡಿಬರಹದಲ್ಲಿ ಇರಬಹುದಾದ ವಿಷಯ, ಊರು ಮತ್ತು ಕಸುಬಿನ ಹೆಸರುಗಳಿಂದ ಹುಡುಕಬೇಕು. ಮುಂಬೈನ ಪೌರಕಾರ್ಮಿಕರ ಬಗ್ಗೆ ಈ ರೀತಿ ಹುಡುಕಿದವರಿಗೆ ಸುಧಾರಕ ಓಲ್ವೆ ಅವರ ಹೆಸರು ಸಿಕ್ಕೇ ಸಿಗುತ್ತದೆ. 2016ರಲ್ಲಿ ಪದ್ಮಶ್ರೀ ಪಡೆದ ಅವರು ಆ ನಗರಪಾಲಿಕೆಯ ಸಫಾಯಿ ಕಾರ್ಮಿಕರ ದುಡಿಮೆಯನ್ನೂ ಮನೆಬದುಕನ್ನೂ ದೀರ್ಘಕಾಲ ದಾಖಲಿಸಿದ್ದಾರೆ.

ಇನ್ನೊಂದು ದಾರಿ ಪತ್ರಿಕೆಯಲ್ಲಿ ಚಿತ್ರದ ಅಂಚಿಗೆ ಸಣ್ಣಕ್ಷರದಲ್ಲಿ ಬರುವ ಹೆಸರನ್ನು ಓದುವುದು. ಬಹಳ ಓದುಗರು ಅದನ್ನು ಗಮನಿಸುವುದೇ ಇಲ್ಲ. ನ್ಯೂಯಾರ್ಕ್ ಟೈಮ್ಸ್‌ನ ‘ಲೆನ್ಸ್’ ಅಂಕಣ 2009ರಿಂದ 2019ರವರೆಗೆ ನಡೆಯಿತು, ಅದರ ಹಳೆಯ ಬರಹಗಳನ್ನು ಈಗಲೂ ಓದಬಹುದು. ಒಬ್ಬ ಛಾಯಾಗ್ರಾಹಕರನ್ನು ಓದುಗರಿಗೆ ಪರಿಚಯಿಸುವುದು ಹೇಗೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಭಾರತದ ಹಳ್ಳಿಗಳ ಬದುಕನ್ನು ಕುರಿತ ಕೆಲಸ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಓದಲು ಸಾಧ್ಯವೇ?

ಸಾಧ್ಯ. ಪತ್ರಕರ್ತ ಪಿ. ಸಾಯಿನಾಥ್ ಅವರು ಸ್ಥಾಪಿಸಿ, 2014ರ ಡಿಸೆಂಬರ್‌ನಲ್ಲಿ ಆರಂಭವಾದ ‘ಪರಿ’, ಅಂದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ಈ ಪ್ರಶ್ನೆಗೆ ಮೊದಲ ಉತ್ತರ. ಅಲ್ಲಿನ ಚಿತ್ರಕಥನಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅನುವಾದವಾಗುತ್ತವೆ. ಚಿತ್ರದಲ್ಲಿರುವ ವ್ಯಕ್ತಿಯ ಹೆಸರು, ವಯಸ್ಸು, ಊರು, ಅವರು ಆಡಿದ ಮಾತು ಇವೆಲ್ಲ ಅಡಿಬರಹದಲ್ಲಿ ಇರುತ್ತವೆ. ಭಾರತದ ಬಡವರನ್ನು ಹೆಸರಿಲ್ಲದ ಮುಖಗಳಾಗಿ ತೋರಿಸುತ್ತ ಬಂದ ದೀರ್ಘ ಪರಂಪರೆಯನ್ನು ನೆನೆದರೆ ಇದು ದೊಡ್ಡ ಸಂಗತಿ. ಅದೇ ತಾಣದ ‘ಫೇಸಸ್’ ಎಂಬ ಯೋಜನೆ ದೇಶದ ಪ್ರತಿಯೊಂದು ಜಿಲ್ಲೆಯ ಜನರ ಭಾವಚಿತ್ರಗಳನ್ನು ಸೇರಿಸುವ ಗುರಿ ಹೊಂದಿದೆ. ನಿಮ್ಮ ಜಿಲ್ಲೆಯನ್ನು ಆರಿಸಿಕೊಂಡು ಅಲ್ಲಿ ಯಾರಿದ್ದಾರೆಂದು ನೋಡಬಹುದು.

ಸಾಯಿನಾಥ್ ಅವರೇ 1993ರಿಂದ 2002ರ ನಡುವೆ ಹತ್ತು ರಾಜ್ಯಗಳಲ್ಲಿ ತೆಗೆದ, ಗ್ರಾಮೀಣ ಮಹಿಳೆಯರ ದುಡಿಮೆಯನ್ನು ಕುರಿತ ಪ್ರದರ್ಶನವೂ ಅಲ್ಲಿ ಪೂರ್ಣವಾಗಿ ಲಭ್ಯವಿದೆ. ನಾಟಿ, ಇಟ್ಟಿಗೆ ಗೂಡು, ಸೌದೆ ಹೊರೆ, ನೀರಿನ ಕೊಡ ಎಂದು ನಮ್ಮ ಕಣ್ಣೆದುರಿಗೇ ಇದ್ದೂ ಲೆಕ್ಕಕ್ಕೆ ಬಾರದ ಕೆಲಸಗಳು ಒಂದರ ಮೇಲೊಂದು ಬರುವಾಗ ಅವುಗಳ ಒಟ್ಟು ಭಾರ ಅರಿವಿಗೆ ಬರುತ್ತದೆ.

ಒಬ್ಬರನ್ನೇ ಹಿಂಬಾಲಿಸಿ ನೋಡಬೇಕೆನ್ನುವವರಿಗೆ ನಾನು ಎಂ. ಪಳನಿ ಕುಮಾರ್ ಅವರ ಹೆಸರು ಹೇಳುತ್ತೇನೆ. ಮದುರೆಯ ಮೀನು ಮಾರುವ ತಾಯಿಯ ಮಗನಾದ ಅವರು ತಮಿಳುನಾಡಿನ ಮಲಹೊರುವ ಕಾರ್ಮಿಕರನ್ನು, ರಾಮನಾಥಪುರದ ಸಮುದ್ರದಲ್ಲಿ ಮುಳುಗಿ ಪಾಚಿ ಕೀಳುವ ಹೆಂಗಸರನ್ನು, ಮೀನುಗಾರ ಕುಟುಂಬಗಳನ್ನು ಚಿತ್ರಿಸಿದ್ದಾರೆ. ಛಾಯಾಗ್ರಾಹಕಿ ದಯನಿತಾ ಸಿಂಗ್ ತಮಗೆ ಬಂದ, ಛಾಯಾಗ್ರಹಣಕ್ಕೆಂದೇ ಇರುವ ಹ್ಯಾಸಲ್‌ಬ್ಲಾಡ್ ಪ್ರಶಸ್ತಿಯ ಹಿನ್ನೆಲೆಯಲ್ಲಿ ‘ಪರಿ’ಯೊಂದಿಗೆ ಸ್ಥಾಪಿಸಿದ ಸಾಕ್ಷ್ಯ ಛಾಯಾಗ್ರಹಣ ಪ್ರಶಸ್ತಿ 2022ರಲ್ಲಿ ಮೊದಲು ಸಂದದ್ದು ಅವರಿಗೇ. ದುಡಿಯುವ ದೇಹಗಳನ್ನು ಅವರು ಕರುಣೆಯಿಂದ ಮೇಲಿನಿಂದ ನೋಡುವುದಿಲ್ಲ. ಅವರ ಕ್ಯಾಮೆರಾ ಸಾಮಾನ್ಯವಾಗಿ ಆ ಜನರ ಕಣ್ಣಿನ ಎತ್ತರದಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲಿ ಇರುತ್ತದೆ.

ಕರ್ನಾಟಕದವರ ಕೆಲಸ ನೋಡಬೇಕೆಂದರೆ?

ಟಿ.ಎಸ್. ಸತ್ಯನ್ ಅವರಿಂದ ಆರಂಭಿಸಿ. ಮೈಸೂರಿನ ಸತ್ಯನ್ (1923–2009) ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಆರಂಭದ ದಿನಗಳಲ್ಲಿ ಅಲ್ಲಿ ಛಾಯಾಗ್ರಾಹಕರಾಗಿದ್ದು, ಮುಂದೆ ದೇಶ ವಿದೇಶಗಳ ನಿಯತಕಾಲಿಕಗಳಿಗೂ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಕೆಲಸ ಮಾಡಿದರು. ಗೋವಾ ವಿಮೋಚನೆಯಿಂದ ಸಿಡುಬು ನಿರ್ಮೂಲನದವರೆಗೆ ಅವರ ಕ್ಯಾಮೆರಾ ಹೋಗದ ಜಾಗ ಕಡಿಮೆ. ಆದರೂ ಅವರ ಹೆಸರು ಉಳಿದಿರುವುದು ಶಾಲೆಯಲ್ಲಿ, ಬೀದಿಯಲ್ಲಿ, ಜಗಲಿಯಲ್ಲಿ ತಮ್ಮ ಪಾಡಿಗೆ ತಾವಿರುವ ಮಕ್ಕಳ ಮತ್ತು ಸಾಮಾನ್ಯರ ಚಿತ್ರಗಳಿಂದ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿಯ ಸಂಗ್ರಹದಲ್ಲಿ ಅವರ ಚಿತ್ರಗಳಿವೆ. ಕಟ್ಟಡಕ್ಕೂ ಮೊದಲೇ, 2020ರಲ್ಲಿ, ಮ್ಯಾಪ್ ಅಂತರ್ಜಾಲದಲ್ಲಿ ಆರಂಭವಾಗಿತ್ತು.

ಈಚಿನವರಲ್ಲಿ ಇಬ್ಬರನ್ನು ಹೆಸರಿಸುತ್ತೇನೆ. ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಛಾಯಾಗ್ರಹಣಕ್ಕೆ ಬಂದ ಕಾಪ್ ಶಿವ, ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರು ತಿರುಗುವ ಶಾಲಾ ಶಿಕ್ಷಕರೊಬ್ಬರನ್ನು ಹಿಂಬಾಲಿಸಿ ಮಾಡಿದ ಮಾಲಿಕೆ ಬಹಳ ಪ್ರಸಿದ್ಧ. ವೇಷ ಮತ್ತು ಶ್ರದ್ಧೆ ಎರಡೂ ಒಂದೇ ಚೌಕಟ್ಟಿನಲ್ಲಿ ಕೂಡುವುದನ್ನು ಅಲ್ಲಿ ಕಾಣಬಹುದು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಹಲ್ಲೆ ನಡೆದ ಬಳಿಕ ಮಹೇಶ್ ಶಾಂತಾರಾಮ್ ಭಾರತದಲ್ಲಿ ನೆಲೆಸಿರುವ ಆಫ್ರಿಕನ್ನರ ಭಾವಚಿತ್ರಗಳನ್ನು ತೆಗೆಯಲು ಆರಂಭಿಸಿದರು. ಹಲ್ಲೆಯ ಸುದ್ದಿ ಮರೆಯಾದ ಮೇಲೂ ಆ ಕೆಲಸ ಮುಂದುವರಿಯಿತು. ಸುದ್ದಿ ಮುಗಿದ ಮೇಲೆ ಉಳಿಯುವ ಛಾಯಾಗ್ರಹಣದ ಅಗತ್ಯವೇನೆಂದು ಕೇಳುವವರಿಗೆ ನಾನು ಈ ಮಾಲಿಕೆಯನ್ನು ತೋರಿಸುತ್ತೇನೆ.

ನೆರೆಯ ದೇಶಗಳ ಬಗ್ಗೆ?

ಢಾಕಾದಲ್ಲಿ ಛಾಯಾಗ್ರಾಹಕ ಶಾಹಿದುಲ್ ಆಲಂ 1989ರಲ್ಲಿ ‘ದೃಕ್’ ಎಂಬ ಚಿತ್ರಸಂಸ್ಥೆಯನ್ನೂ 1998ರಲ್ಲಿ ‘ಪಾಠಶಾಲಾ’ ಎಂಬ ಛಾಯಾಗ್ರಹಣ ಶಾಲೆಯನ್ನೂ ಕಟ್ಟಿದರು. ಅವರು ಆರಂಭಿಸಿದ ‘ಛಬಿ ಮೇಳ’ ಉತ್ಸವ 2000ದಲ್ಲಿ ಮೊದಲು ನಡೆಯಿತು. ಬಾಂಗ್ಲಾದೇಶದ ಭದ್ರತಾಪಡೆಗಳು ಗುಂಡಿನ ಚಕಮಕಿಯೆಂದು ಹೇಳಿಕೊಂಡ ‘ಕ್ರಾಸ್‌ಫೈರ್’ ಹತ್ಯೆಗಳ ಬಗ್ಗೆ ಅವರು ಮಾಡಿದ, 2010ರಲ್ಲಿ ಪೊಲೀಸರು ತಡೆದ ಪ್ರದರ್ಶನವನ್ನು ಹುಡುಕಿ ನೋಡಿ. ಅದರಲ್ಲಿ ಹತ್ಯೆಯ ದೃಶ್ಯಗಳಿಲ್ಲ. ಕತ್ತಲಲ್ಲಿ ಬೆಳಕು ಬಿದ್ದ ಖಾಲಿ ಜಾಗಗಳಷ್ಟೇ ಅಲ್ಲಿ ನಡೆದದ್ದನ್ನು ಊಹಿಸುವಂತೆ ಮಾಡುತ್ತವೆ. ಕಠ್ಮಂಡುವಿನ ನೇಪಾಳ ಪಿಕ್ಚರ್ ಲೈಬ್ರರಿ ಮನೆಗಳ ಆಲ್ಬಂಗಳಿಂದ ಚಿತ್ರಗಳನ್ನು ಸಂಗ್ರಹಿಸಿ ದೇಶದ ಚರಿತ್ರೆಯನ್ನು ಹೊಸದಾಗಿ ಹೇಳುತ್ತಿದೆ. ಮಹಿಳೆಯರ ಸಾರ್ವಜನಿಕ ಬದುಕನ್ನು ಕುರಿತ ಅದರ ಸಂಗ್ರಹ ವಿಶೇಷವಾಗಿ ಸಮೃದ್ಧವಾಗಿದೆ.

ಹಳೆಯ ಶ್ರೇಷ್ಠ ಕೆಲಸಗಳನ್ನು ಮೂಲ ರೂಪದಲ್ಲಿ ನೋಡಲು ಸಾಧ್ಯವೇ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ವಿಷಯದಲ್ಲಿ ಅತ್ಯಂತ ಉದಾರಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿನ ಸರ್ಕಾರದ ಕೃಷಿ ಭದ್ರತಾ ಇಲಾಖೆ ಛಾಯಾಗ್ರಾಹಕರನ್ನು ಹಳ್ಳಿಗಳಿಗೆ ಕಳುಹಿಸಿತ್ತು. ಆ ಯೋಜನೆಯ ಸುಮಾರು ಒಂದೂ ಮುಕ್ಕಾಲು ಲಕ್ಷ ಕಪ್ಪು-ಬಿಳುಪು ನೆಗೆಟಿವ್‌ಗಳು ಇಂದು ಆ ಗ್ರಂಥಾಲಯದಲ್ಲಿವೆ. ಅವುಗಳನ್ನು ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಬಹುದು. ‘ಫೋಟೊಗ್ರಾಮರ್’ ಎಂಬ ವಿಶ್ವವಿದ್ಯಾಲಯ ಯೋಜನೆಯೊಂದು ಅವುಗಳನ್ನು ನಕ್ಷೆಯ ಮೇಲೆ ಜೋಡಿಸಿರುವುದರಿಂದ ಜಿಲ್ಲೆ ಜಿಲ್ಲೆಯಾಗಿ ನೋಡುತ್ತ ಹೋಗಬಹುದು.

ಪ್ರಸಿದ್ಧ ಚಿತ್ರಗಳ ಅಕ್ಕಪಕ್ಕದ ಫ್ರೇಮ್‌ಗಳೂ ಅಲ್ಲಿರುವುದು ಈ ಸಂಗ್ರಹದ ನಿಜವಾದ ಬೆಲೆ. ಆ ಯೋಜನೆಯ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ವಲಸೆ ತಾಯಿಯ ಚಿತ್ರವನ್ನು ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಅದೇ ಸರಣಿಯ ಉಳಿದ ಚಿತ್ರಗಳಲ್ಲಿ ಗುಡಾರ, ಪೆಟ್ಟಿಗೆ, ದೂರದಲ್ಲಿ ಕುಳಿತ ಮಗಳು ಎಲ್ಲ ಕಾಣುತ್ತಾರೆ. ಲ್ಯಾಂಗ್ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತ, ಒಂದೊಂದೇ ವಿವರವನ್ನು ಕಳೆಯುತ್ತ ಹೋದದ್ದು ತಿಳಿಯುತ್ತದೆ. ಲ್ಯಾಂಗ್ ಆ ಮಹಿಳೆಯ ಹೆಸರು ಕೇಳಿರಲಿಲ್ಲ. ಆಕೆ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನಾಂಗದ ಮೂಲದ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಚಿತ್ರ ತೆಗೆದು 42 ವರ್ಷಗಳ ಮೇಲೆ. ಆ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ತಮಗೆ ಒಪ್ಪಿಗೆಯಾಗದ ನೆಗೆಟಿವ್‌ಗಳಿಗೆ ತೂತು ಹೊಡೆಸುತ್ತಿದ್ದರು. ತೂತಿನ ಕಪ್ಪು ವೃತ್ತವಿರುವ ಆ ಚಿತ್ರಗಳೂ ಸಂಗ್ರಹದಲ್ಲಿವೆ, ಮತ್ತು ಯಾವುದು ಜನರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದಕ್ಕೆ ಅವು ಸಾಕ್ಷಿಯಾಗಿವೆ.

ಒಂದು ಚಿತ್ರಸಂಪುಟ ಒಳ್ಳೆಯದೆಂದು ಗುರುತಿಸುವುದು ಹೇಗೆ?

ನಾನು ಮೊದಲು ನೋಡುವುದು ಅಡಿಬರಹವನ್ನು. ಯಾರು, ಎಲ್ಲಿ, ಯಾವಾಗ ಎಂಬ ಮೂರಕ್ಕೂ ಉತ್ತರವಿಲ್ಲದ ಸಂಪುಟ ಎಷ್ಟೇ ಸುಂದರವಾಗಿದ್ದರೂ ಸಾಕ್ಷ್ಯವಾಗಿ ದುರ್ಬಲ. ‘ಸಂತೆಯಲ್ಲಿ ಮುದುಕಿ’ ಎಂದಷ್ಟೇ ಬರೆದವರಿಗೂ, ಆಕೆಯ ಹೆಸರನ್ನೂ ಆಕೆ ಏನು ಮಾರುತ್ತಿದ್ದಾಳೆಂಬುದನ್ನೂ ಬರೆದವರಿಗೂ ಇರುವ ಅಂತರ ಮಾತಾಡಿಸಿದವರಿಗೂ ಮಾತಾಡಿಸದವರಿಗೂ ಇರುವ ಅಂತರ. ಹೆಸರು ಬರೆದರೆ ವ್ಯಕ್ತಿಗೆ ಅಪಾಯವಿರುವ ಸಂದರ್ಭಗಳಿವೆ. ಅಂಥಲ್ಲಿ ಒಳ್ಳೆಯ ಛಾಯಾಗ್ರಾಹಕರು ಹೆಸರು ಬಿಟ್ಟ ಕಾರಣವನ್ನು ಬರೆಯುತ್ತಾರೆ.

ಅನಂತರ ನೋಡುವುದು ಸದ್ದಿಲ್ಲದ ಚಿತ್ರಗಳನ್ನು. ಅಮೆರಿಕದ ಛಾಯಾಗ್ರಾಹಕ ಯೂಜೀನ್ ಸ್ಮಿತ್ 1948ರಲ್ಲಿ ಲೈಫ್ ಪತ್ರಿಕೆಗಾಗಿ ಕೊಲೊರಾಡೊದ ಕ್ರೆಮ್ಲಿಂಗ್ ಎಂಬ ಪುಟ್ಟ ಊರಿನ ವೈದ್ಯ ಅರ್ನೆಸ್ಟ್ ಸೆರಿಯಾನಿ ಅವರೊಂದಿಗೆ 23 ದಿನ ಇದ್ದು ಚಿತ್ರಪ್ರಬಂಧವೊಂದನ್ನು ರೂಪಿಸಿದರು. ಹೆರಿಗೆಯಲ್ಲಿ ತಾಯಿಯನ್ನೂ ಮಗುವನ್ನೂ ಉಳಿಸಿಕೊಳ್ಳಲಾಗದ ವೈದ್ಯರು ನಡುರಾತ್ರಿ ಕಳೆದ ಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕಾಫಿ ಬಟ್ಟಲು ಹಿಡಿದು ನಿಂತಿರುವ ಚಿತ್ರವೊಂದು ಅದರಲ್ಲಿದೆ. ಅಲ್ಲಿ ಏನೂ ನಡೆಯುತ್ತಿಲ್ಲ. ಆದರೆ ಅಂಥ ಕ್ಷಣದಲ್ಲಿ ಹೊರಗಿನವನೊಬ್ಬ ಹತ್ತಿರ ನಿಲ್ಲಲು ಸಾಧ್ಯವಾಗಬೇಕಾದರೆ ಅದರ ಹಿಂದೆ ಎಷ್ಟು ದಿನಗಳ ಸಹವಾಸವಿರಬೇಕು ಎಂಬುದನ್ನು ಯೋಚಿಸಿ. ಇಪ್ಪತ್ತು ಚಿತ್ರಗಳ ಸಂಪುಟದಲ್ಲಿ ಇಪ್ಪತ್ತೂ ಕೂಗುತ್ತಿದ್ದರೆ ಆ ಛಾಯಾಗ್ರಾಹಕರು ಅಲ್ಲಿ ಹೆಚ್ಚು ಕಾಲ ಇರಲಿಲ್ಲವೆಂದು ನಾನು ಭಾವಿಸುತ್ತೇನೆ.

ಕೊನೆಯದಾಗಿ ಸಂಖ್ಯೆಯನ್ನು ಗಮನಿಸಿ. ನೂರಾರು ಚಿತ್ರಗಳನ್ನು ಸುರಿದಿರುವ ಪುಟಕ್ಕಿಂತ ಹನ್ನೆರಡು ಚಿತ್ರಗಳನ್ನು ಕ್ರಮವಾಗಿ ಜೋಡಿಸಿದ ಪುಟ ಹೆಚ್ಚು ಶ್ರಮದ್ದು.

ಇನ್‌ಸ್ಟಾಗ್ರಾಮ್ ಇರುವಾಗ ಇಷ್ಟೆಲ್ಲ ಏಕೆ?

ಇನ್‌ಸ್ಟಾಗ್ರಾಮ್ ಪ್ರಯೋಜನಕ್ಕೆ ಬಾರದ್ದೇನಲ್ಲ. 2012ರಲ್ಲಿ ಆರಂಭವಾದ ‘ಎವ್ರಿಡೇ ಆಫ್ರಿಕಾ’ ಖಾತೆ ಯುದ್ಧ ಮತ್ತು ಬರಗಾಲದ ಆಚೆಗಿನ ಆಫ್ರಿಕಾದ ದಿನನಿತ್ಯದ ಬದುಕನ್ನು ಅಲ್ಲಿಯೇ ತೋರಿಸಿತು, ಮತ್ತು ಲೋಕದ ಬೇರೆ ಬೇರೆ ಭಾಗಗಳಲ್ಲಿ ಅಂಥ ಖಾತೆಗಳು ಹುಟ್ಟಲು ಕಾರಣವಾಯಿತು. ಆದರೆ ಬೆರಳಿನಿಂದ ಸರಿಸುತ್ತ ಹೋಗುವಾಗ ಮಾಲಿಕೆಯ ಕ್ರಮ ಕಳೆದುಹೋಗುತ್ತದೆ, ಮತ್ತು ನೀವು ಈಗಾಗಲೇ ಇಷ್ಟಪಟ್ಟದ್ದನ್ನೇ ಹೋಲುವ ಚಿತ್ರಗಳು ಮತ್ತೆ ಮತ್ತೆ ಮುಂದೆ ಬರುತ್ತವೆ. ಆದ್ದರಿಂದ ಹೆಸರು ತಿಳಿಯಲು ಅದನ್ನು ಬಳಸಿ, ಕೆಲಸ ನೋಡಲು ಛಾಯಾಗ್ರಾಹಕರ ಜಾಲತಾಣಕ್ಕೆ ಹೋಗಿ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ನೋಡಿ.

ನಿಮ್ಮ ಪಟ್ಟಿಯಲ್ಲಿ ಗಂಡಸರ ಹೆಸರುಗಳೇ ತುಂಬಿದ್ದರೆ, 2017ರಲ್ಲಿ ಡ್ಯಾನಿಯೆಲಾ ಝಾಲ್ಕ್‌ಮನ್ ಆರಂಭಿಸಿದ ‘ವಿಮೆನ್ ಫೋಟೊಗ್ರಾಫ್’ ಎಂಬ ತಾಣವನ್ನು ನೋಡಿ.

ನೋಡುತ್ತಿರುವ ಚಿತ್ರ ನಿಜವೆಂದು ನಂಬುವುದು ಹೇಗೆ?

ತಿದ್ದಿದ ಚಿತ್ರಗಳಷ್ಟೇ ಸಮಸ್ಯೆಯಲ್ಲ. ಬೆಲ್ಜಿಯಂನ ಶಾರ್ಲೆರುವಾ ನಗರದ ಬಗ್ಗೆ ಮಾಡಿದ ಮಾಲಿಕೆಯೊಂದಕ್ಕೆ 2015ರಲ್ಲಿ ನೀಡಿದ್ದ ಬಹುಮಾನವನ್ನು ವರ್ಲ್ಡ್ ಪ್ರೆಸ್ ಫೋಟೊ ಹಿಂತೆಗೆದುಕೊಂಡಿತು. ಅದರ ಒಂದು ಚಿತ್ರವನ್ನು ತೆಗೆದದ್ದು ಆ ನಗರದಲ್ಲಿ ಅಲ್ಲ, ಬ್ರಸೆಲ್ಸ್‌ನಲ್ಲಿ. ಚಿತ್ರ ನಿಜವಾಗಿದ್ದರೂ ಅಡಿಬರಹ ಸುಳ್ಳಾಗಿತ್ತು.

ಕೃತಕ ಬುದ್ಧಿಮತ್ತೆಯ ಕಾಲದ ಅಪಾಯವನ್ನು ಮ್ಯಾಗ್ನಂ ಎಂಬ ಛಾಯಾಗ್ರಾಹಕರ ಸಂಸ್ಥೆಯ ಯೋನಾಸ್ ಬೆಂಡಿಕ್ಸನ್ 2021ರಲ್ಲಿಯೇ ತೋರಿಸಿಕೊಟ್ಟರು. ಸುಳ್ಳುಸುದ್ದಿ ತಯಾರಿಕೆಗೆ ಹೆಸರಾದ ಉತ್ತರ ಮ್ಯಾಸಿಡೋನಿಯಾದ ವೆಲೆಸ್ ಪಟ್ಟಣದ ಬಗ್ಗೆ ಅವರು ಹೊರತಂದ ಪುಸ್ತಕದ ಜನರೆಲ್ಲ ಕಂಪ್ಯೂಟರಿನಲ್ಲಿ ಸೃಷ್ಟಿಯಾದವರು. ಅದು ಪತ್ರಿಕಾ ಛಾಯಾಗ್ರಹಣದ ಅತಿ ದೊಡ್ಡ ಉತ್ಸವಗಳಲ್ಲಿ ಒಂದಾದ, ಫ್ರಾನ್ಸಿನ ಪೆರ್ಪಿನ್ಯಾನ್‌ನಲ್ಲಿ ನಡೆಯುವ ‘ವೀಸಾ ಪುರ್ ಲಿಮಾಜ್’ನಲ್ಲಿ ಪ್ರದರ್ಶನಗೊಂಡಾಗಲೂ ಯಾರೂ ಗುರುತಿಸಲಿಲ್ಲ. ಕೊನೆಗೆ ಅವರೇ ಸತ್ಯ ಬಹಿರಂಗಪಡಿಸಿದರು.

ಪರಿಣತರೇ ಮೋಸಹೋದ ಮೇಲೆ, ಬರಿಗಣ್ಣಿನಿಂದ ಪತ್ತೆಹಚ್ಚುತ್ತೇವೆಂಬ ಆತ್ಮವಿಶ್ವಾಸ ನಮಗೆ ತಕ್ಕದ್ದಲ್ಲ. ಗೂಗಲ್ ಲೆನ್ಸ್ ಅಥವಾ ಟಿನ್‌ಐ ಮೂಲಕ ಚಿತ್ರದ ಹಳೆಯ ಪ್ರಕಟಣೆಗಳನ್ನು ಹುಡುಕಿ. ಅದೇ ದಿನ ಅದೇ ಜಾಗದಲ್ಲಿ ಬೇರೆಯವರು ತೆಗೆದ ಚಿತ್ರಗಳಿವೆಯೇ ನೋಡಿ. ಛಾಯಾಗ್ರಾಹಕರ ಹಿಂದಿನ ಕೆಲಸ ಮತ್ತು ಪ್ರಕಟಿಸಿದ ಸಂಪಾದಕರ ಹೆಸರು ತಿಳಿದುಕೊಳ್ಳಿ. ಚಿತ್ರ ಹುಟ್ಟಿದ ಬಗೆಯನ್ನು ಕ್ಯಾಮೆರಾದಲ್ಲಿಯೇ ಸಹಿ ಮಾಡಿ ಕಳುಹಿಸುವ ‘ಕಂಟೆಂಟ್ ಕ್ರೆಡೆನ್ಷಿಯಲ್ಸ್’ ವ್ಯವಸ್ಥೆ 2023ರಲ್ಲಿ ಲೈಕಾ ಕ್ಯಾಮೆರಾವೊಂದರಲ್ಲಿ ಮೊದಲು ಬಂದಿತು. ಆದರೆ ಅಂಥ ಗುರುತಿಲ್ಲದ ಚಿತ್ರ ಸುಳ್ಳೆಂದು ತೀರ್ಮಾನಿಸುವಂತಿಲ್ಲ.

ಬೇರೆಯವರ ನೋವಿನ ಚಿತ್ರಗಳನ್ನು ನೋಡುವುದು ಸರಿಯೇ?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಆದರೆ ಒಂದು ಪ್ರಸಂಗ ಸದಾ ನೆನಪಾಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಜನ ನರಳಿದ್ದನ್ನು 1970ರ ದಶಕದ ಆರಂಭದಲ್ಲಿ ಯೂಜೀನ್ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ ಅಲ್ಲಿಯೇ ನೆಲೆಸಿ ದಾಖಲಿಸಿದರು. ವಿಕಲಾಂಗಳಾದ ಮಗಳನ್ನು ತಾಯಿ ಸ್ನಾನ ಮಾಡಿಸುತ್ತಿರುವ ಚಿತ್ರ ಜಗತ್ತಿನ ಗಮನವನ್ನು ಆ ಊರಿನತ್ತ ತಿರುಗಿಸಿತು. ಮಗಳು ತೀರಿಕೊಂಡು ವರ್ಷಗಳಾದ ಮೇಲೆ, ಆಕೆಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂಬ ಹೆತ್ತವರ ಇಚ್ಛೆಯನ್ನು ಗೌರವಿಸಿ ಐಲೀನ್ 1990ರ ದಶಕದ ಕೊನೆಯಲ್ಲಿ ಆ ಚಿತ್ರದ ಪ್ರಕಟಣೆಯನ್ನು ನಿಲ್ಲಿಸಿದರು. ಛಾಯಾಗ್ರಹಣದ ಚರಿತ್ರೆಯ ಅತ್ಯಂತ ಪ್ರಭಾವಶಾಲಿ ಚಿತ್ರಗಳಲ್ಲಿ ಒಂದನ್ನು ಹೀಗೆ ಹಿಂದೆಗೆದುಕೊಂಡದ್ದು ಸರಿಯೆಂದೇ ನಾನು ನಂಬುತ್ತೇನೆ. ನೋಡುವ ಹಕ್ಕು ನಮಗೆ ತಾನಾಗಿ ಬಂದದ್ದಲ್ಲ, ಚಿತ್ರದಲ್ಲಿರುವವರು ಕೊಟ್ಟದ್ದು. ಅಂತರ್ಜಾಲದಲ್ಲಿ ಆ ಚಿತ್ರ ಇನ್ನೂ ಸಿಗುತ್ತದೆಂಬುದು ಅದನ್ನು ಹಂಚಲು ಕಾರಣವಾಗಬಾರದು.

ಹಳೆಯ ಕೊಂಡಿಗಳು ತೆರೆದುಕೊಳ್ಳುವುದಿಲ್ಲ. ಆ ಕೆಲಸಗಳು ಕಳೆದೇ ಹೋದವೇ?

ಹಲವು ಹೋಗಿವೆ. 2000ದ ದಶಕದ ಎಷ್ಟೋ ಚಿತ್ರಕಥನಗಳು ಫ್ಲ್ಯಾಶ್ ತಂತ್ರಾಂಶದಲ್ಲಿ ರೂಪುಗೊಂಡಿದ್ದವು. 2020ರ ಕೊನೆಗೆ ಅಡೋಬಿ ಅದಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಅವು ಬ್ರೌಸರಿನಲ್ಲಿ ತೆರೆಯದಾದವು. ಹಳೆಯ ಜಾಲಪುಟಗಳ ಪ್ರತಿಗಳನ್ನು ಉಳಿಸಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸವನ್ನು ಹಾಕಿ ನೋಡಿ. ಚಿತ್ರಗಳು ಇರದಿದ್ದರೂ ಹೆಸರು ಮತ್ತು ಪರಿಚಯದ ಸಾಲುಗಳು ಸಿಗುವುದುಂಟು, ಅಲ್ಲಿಂದ ಹೊಸ ತಾಣವನ್ನು ಹುಡುಕಬಹುದು.

ಇಷ್ಟವಾದ ಚಿತ್ರವನ್ನು ನನ್ನ ಬರಹದಲ್ಲಿ ಬಳಸಬಹುದೇ?

ಅನುಮತಿಯಿಲ್ಲದೆ ಬಳಸಬೇಡಿ. 2012ರ ತಿದ್ದುಪಡಿಯ ನಂತರ ಭಾರತದಲ್ಲಿ ಛಾಯಾಚಿತ್ರದ ಹಕ್ಕುಸ್ವಾಮ್ಯ ಛಾಯಾಗ್ರಾಹಕರ ಜೀವಿತಾವಧಿಗೂ ಅವರ ಮರಣದ ನಂತರದ 60 ವರ್ಷಗಳಿಗೂ ಅನ್ವಯಿಸುತ್ತದೆ. ಅಮೆರಿಕ ಸರ್ಕಾರದ ನೌಕರರಾಗಿ ತೆಗೆದವು ಸಾರ್ವಜನಿಕ ಸ್ವತ್ತಾದ್ದರಿಂದ ಮೇಲೆ ಹೇಳಿದ ಕೃಷಿ ಇಲಾಖೆಯ ಸಂಗ್ರಹವನ್ನು ಮುಕ್ತವಾಗಿ ಬಳಸಬಹುದು. ಉಳಿದವರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. ಚಿತ್ರ ಎಲ್ಲಿ, ಯಾವ ಗಾತ್ರದಲ್ಲಿ, ಯಾವ ಬರಹದ ಜೊತೆ ಬರುತ್ತದೆಂದು ತಿಳಿಸಿ, ಸಂಭಾವನೆ ಎಷ್ಟೆಂದು ನೀವೇ ಮೊದಲು ಕೇಳಿ. ಪ್ರಕಟಿಸುವಾಗ ಛಾಯಾಗ್ರಾಹಕರ ಹೆಸರಿನ ಜೊತೆಗೆ ಅವರ ಮೂಲ ಅಡಿಬರಹವನ್ನೂ ಪೂರ್ತಿಯಾಗಿ ಕನ್ನಡಕ್ಕೆ ತನ್ನಿ. ಜಾಗ ಸಾಲದೆ ಕತ್ತರಿಸಬೇಕಾಗಿ ಬಂದರೆ ಬೇರೆ ವಿವರಗಳನ್ನು ತೆಗೆಯಿರಿ, ಚಿತ್ರದಲ್ಲಿರುವವರ ಹೆಸರನ್ನು ಉಳಿಸಿಕೊಳ್ಳಿ.